ಗುರುದತ್ತರಾಯರು ಮತ್ತು ಒಂದು ಚಿಟಿಕೆ ಇಂಗು

ಗುರುದತ್ತರಾಯರು ಓದದೆ ಯಾವುದನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಬೆಳಗಾದರೆ ಸ್ತೋತ್ರ ಓದುವವರಿದ್ದಾರೆ, ಪತ್ರಿಕೆ ಓದುವವರಿದ್ದಾರೆ. ರಾಯರು ಬಿಸ್ಕತ್ತಿನ ಪೊಟ್ಟಣ ಓದುತ್ತಿದ್ದರು. ೧೯೮೯ರಲ್ಲಿ ಅವರು ಮೆಲ್ಬರ್ನ್‌ನಿಂದ ಸಿಡ್ನಿಯ ನಮ್ಮ ಮನೆಗೆ ಬಂದಾಗ, ಚಾಟ್ಸ್‌ವುಡ್‌ನ ಸೂಪರ್‌ಮಾರ್ಕೆಟ್ಟಿನಲ್ಲಿ ಒಂದೇ ಒಂದು ಬ್ರೆಡ್ಡು ಕೊಳ್ಳಲೆಂದು ಜೊತೆಗೆ ಹೋದ ನಾನು ಮುಕ್ಕಾಲು ಗಂಟೆ ಟ್ರಾಲಿಗೆ ಒರಗಿ ನಿಂತಿದ್ದೆ. ಕೋಟಿನ ಜೇಬಿನಿಂದ ಭೂತಗನ್ನಡಿ ತೆಗೆದು, ಪೊಟ್ಟಣವನ್ನು ದೀಪದ ಕೆಳಗೆ ಹಿಡಿದು, ಪದಾರ್ಥಗಳ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಅವರ ಕ್ರಮ. "ಕಳ್ಳರು ಯಾವಾಗ್ಲೂ ಕೊನೇ ಬೆಂಚಲ್ಲೇ ಕೂತಿರ್ತಾರೆ ಮೇಷ್ಟ್ರೇ" ಎನ್ನುವರು. ಆ ದಿನಗಳಲ್ಲಿ ಅಲ್ಲಿಯ ಬ್ರೆಡ್ಡಿನಲ್ಲಿ ದನದ ಕೊಬ್ಬಿರುತ್ತಿತ್ತು, ಮೊಸರಿನಲ್ಲಿ ಎಲುಬಿನ ಸಾರದಿಂದ ತೆಗೆದ ಅಂಟು ಇರುತ್ತಿತ್ತು. ನಾವೆಲ್ಲ ಸಸ್ಯಾಹಾರಿಗಳೆಂದು ಹೇಳಿಕೊಂಡು ಕಣ್ಣು ಮುಚ್ಚಿ ತಿನ್ನುತ್ತಿದ್ದೆವು. ರಾಯರು ಕಣ್ಣು ಬಿಟ್ಟುಕೊಂಡು ಹಸಿದಿರುತ್ತಿದ್ದರು. ಕೌಂಟರಿನ ಹುಡುಗಿ, ಇರುವುದು ತೀರ ಸ್ವಲ್ಪ, ಲೆಕ್ಕಕ್ಕೇ ಬಾರದಷ್ಟು ಎಂದು ಸಮಾಧಾನ ಹೇಳಿದರೆ ಅವರು ತಲೆಯಲ್ಲಾಡಿಸಿ, "ಇದೆಯೋ ಇಲ್ವೋ, ಅಷ್ಟು ಹೇಳಮ್ಮ" ಎಂದು ಅಚ್ಚ ಮೈಸೂರಿನ ಇಂಗ್ಲಿಷಿನಲ್ಲಿ ಕೇಳಿದ್ದರು. ಈ ಮಾತು ಅವರ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಮದುವೆಯ ಆಹ್ವಾನ ಬಂದರೂ, ಮಳೆಯ ಮುನ್ಸೂಚನೆ ಕೇಳಿದರೂ, ಇದೆಯೋ ಇಲ್ಲವೋ.

ಆಳು ಎತ್ತರವಿಲ್ಲ. ೧೯೭೪ರಲ್ಲಿ ವಿದ್ಯುತ್ ಇಲಾಖೆಯ ಎಂಜಿನಿಯರಾಗಿ ಮೆಲ್ಬರ್ನ್ ಸೇರಿದ ಮೊದಲ ಚಳಿಗಾಲದಲ್ಲಿ ಹಳೆ ಬಟ್ಟೆಯ ಅಂಗಡಿಯೊಂದರಲ್ಲಿ ಕೊಂಡ ಕಂದು ಉಣ್ಣೆಯ ಕೋಟು, ಯಾರೋ ಆರಡಿಯ ಮನುಷ್ಯನಿಗೆ ಹೊಲಿದದ್ದು, ರಾಯರ ಮೊಣಕಾಲನ್ನು ದಾಟಿ ಇಳಿಯುತ್ತಿತ್ತು. ನಡೆಯುವಾಗ ಎಡಭುಜ ಮುಂದೆ, ಮೈ ಕೊಂಚ ಓರೆ. ಮೈಸೂರಿನ ಇಕ್ಕಟ್ಟಾದ ನಡುಮನೆಯಲ್ಲಿ ಮಡಿಯುಟ್ಟ ಅಜ್ಜಿಗೂ ತಾಯಿಗೂ ತಾಗದಂತೆ ಸರಿದು ಸರಿದು ಬೆಳೆದ ನಡಿಗೆ ಅದು. ಸಮುದ್ರ ದಾಟಿ, ಆರು ಜನ ಸಾಲಾಗಿ ನಡೆಯಬಹುದಾದ ಫುಟ್‌ಪಾತಿನ ಮೇಲೆ ಬಂದರೂ ನೆಟ್ಟಗಾಗಲಿಲ್ಲ. ನಾನು ಮಡಿ ಮೈಲಿಗೆಗಳನ್ನು ಬಿಟ್ಟವನು ಮಾತ್ರವಲ್ಲ, ಬಿಟ್ಟದ್ದನ್ನು ಊರಿಗೆಲ್ಲ ಸಾರಿಕೊಂಡು ತಿರುಗಿದವನು. ಹಾಗಾಗಿ ರಾಯರನ್ನು ಕಂಡಾಗಲೆಲ್ಲ ನನಗೆ ಕೀಟಲೆಯ ಉಮೇದು ಬರುತ್ತಿತ್ತು. ಅವರಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಪ್ರತಿವರ್ಷ ಈಸ್ಟರ್ ರಜಕ್ಕೆ ಬನ್ನಿ ಎಂದು ಕರೆಯುತ್ತಿದ್ದರು.

ಮೆಲ್ಬರ್ನ್‌ನ ನಮ್ಮವರೆಲ್ಲ ಆಗ ಒಳ್ಳೆಯ ಶಾಲೆ, ದೊಡ್ಡ ಹಿತ್ತಿಲು ಎಂದು ಗ್ಲೆನ್ ವೇವರ್ಲಿಯ ಕಡೆಗೆ ಹೊರಟಿದ್ದರು. ರಾಯರು ಮಾತ್ರ ಕಾಲ್‌ಫೀಲ್ಡ್‌ನ ಹಳೆಯ ಇಟ್ಟಿಗೆಯ ಮನೆ ಬಿಟ್ಟು ಅಲ್ಲಾಡಲಿಲ್ಲ. ಅದು ಯಹೂದಿಗಳ ಸಬರ್ಬ್. ಶನಿವಾರ ಬೆಳಿಗ್ಗೆ ಕರಿ ಟೊಪ್ಪಿಗೆಯ ಗಂಡಸರು ಮಕ್ಕಳ ಕೈ ಹಿಡಿದು ನಡೆದೇ ಪ್ರಾರ್ಥನೆಗೆ ಹೋಗುವ ಬೀದಿ. "ಇಲ್ಲಿ ಯಾರೂ ನನ್ನನ್ನ ಯಾಕ್ರೀ ತಿನ್ನಲ್ಲ ಅಂತ ಕೇಳಲ್ಲ. ಎಲ್ಲರಿಗೂ ಒಂದೊಂದು ತಿನ್ನಬಾರದ್ದು ಇದೆ" ಎಂಬುದು ಅವರ ಸಮರ್ಥನೆ. ಪಕ್ಕದ ಮನೆಯಲ್ಲಿ ಮಿಸೆಸ್ ಹೇನಿಯಾ ರೋಟ್‌ಮನ್ ಎಂಬ ಎಪ್ಪತ್ತು ದಾಟಿದ ವಿಧವೆ ಒಬ್ಬರೇ ಇದ್ದರು. ಪೋಲೆಂಡಿನವರು, ಯುದ್ಧದಲ್ಲಿ ತಂದೆ, ತಾಯಿ, ನಾಲ್ವರು ಒಡಹುಟ್ಟಿದವರನ್ನು ಕಳೆದುಕೊಂಡು, ನಾಜಿಗಳ ಶಿಬಿರದಿಂದ ಬದುಕಿ ಬಂದು, ೧೯೪೯ರಲ್ಲಿ ಹಡಗಿಳಿದವರು. ಮಕ್ಕಳಿರಲಿಲ್ಲ. ರಾಯರ ಹೆಂಡತಿ ಅನಸೂಯಮ್ಮ ಆಕೆಯನ್ನು ಹೇನಿಯಮ್ಮ ಎಂದು ಕರೆದು ಕರೆದು ನಮಗೆಲ್ಲ ಆಕೆ ಹೇನಿಯಮ್ಮನೇ ಆಗಿಬಿಟ್ಟರು.

ಈಸ್ಟರ್‌ನ ಆಸುಪಾಸಿನಲ್ಲೇ ಬರುವ ಯಹೂದಿಗಳ ದೊಡ್ಡ ಹಬ್ಬ ಪಾಸೋವರ್. ಎಂಟು ದಿನ. ಆ ಎಂಟು ದಿನ ಮನೆಯಲ್ಲಿ ಹುದುಗು ಬಂದದ್ದು, ಬರಬಹುದಾದದ್ದು ಒಂದು ಕಣವೂ ಇರಕೂಡದು. ಗೋಧಿಹಿಟ್ಟು ನೀರು ಕಂಡ ಹದಿನೆಂಟು ನಿಮಿಷದೊಳಗೆ, ಕಾವಲಿರುವವರ ಕಣ್ಣೆದುರು ಬೆಂದು ತೆಳು ಗರಿಗರಿ ರೊಟ್ಟಿಯಾದರೆ ಅದು ಮಾತ್ಸಾ, ಹಬ್ಬದ ಊಟ. ಬೇರೆ ಯಾವ ವೇಷದಲ್ಲಿ ಗೋಧಿ ಬಂದರೂ ನಿಷಿದ್ಧ. ಹೇನಿಯಮ್ಮನ ಕಡೆಯವರಿಗೆ ಅಕ್ಕಿ, ಬೇಳೆ, ಸಾಸಿವೆಯೂ ವರ್ಜ್ಯ. ವರ್ಷವಿಡೀ ಬಳಸುವ ಪಾತ್ರೆಗಳಿಗೆ ಬೀಗ ಬಿದ್ದು, ಅಟ್ಟದ ಮೇಲಿನ ಹಬ್ಬದ ಪಾತ್ರೆಗಳು ಇಳಿಯುತ್ತವೆ. ಇದನ್ನೆಲ್ಲ ರಾಯರು ನನಗೆ ವಿವರಿಸುವಾಗ ಅವರ ಮುಖದಲ್ಲಿ, ದೂರದೇಶದಲ್ಲಿ ಸೋದರತ್ತೆಯ ಮನೆ ಸಿಕ್ಕಿದಂಥ ಸಂತೋಷವಿತ್ತು.

ಅಡುಗೆಯ ಕಥೆ ಶುರುವಾದದ್ದು ೧೯೮೮ರ ಈಸ್ಟರ್ ಸೋಮವಾರ. ಹೇನಿಯಮ್ಮನಿಗೆ ಕೈ ನಡುಗುವ ಕಾಯಿಲೆ ಹತ್ತಿ ಆಗಲೇ ಎರಡು ವರ್ಷವಾಗಿತ್ತು. ಫ್ಯೂಸು ಹೋಗಿದೆಯೆಂದು ಸರಿಮಾಡಲು ಹೋದ ರಾಯರು ಅಡುಗೆಮನೆಯಲ್ಲಿ ಕಂಡದ್ದು, ನೆಲದ ಮೇಲೆ ಒಡೆದ ಮೂರು ಮೊಟ್ಟೆ ಮತ್ತು ಕುರ್ಚಿ ಹಿಡಿದು ನಿಂತ ಮುದುಕಿ. ಮಾತ್ಸಾ ರೊಟ್ಟಿಯನ್ನು ಮುರಿದು, ಮೊಟ್ಟೆಯಲ್ಲಿ ಕಲಸಿ, ಬೆಣ್ಣೆಯಲ್ಲಿ ಹುರಿಯುವ ಮಾತ್ಸಾ ಬ್ರೈ ಎಂಬ ತಿಂಡಿ ಮಾಡಲು ಹೊರಟಿದ್ದರಂತೆ. ಹಬ್ಬದ ಬೆಳಗಿನ ಉಪಾಹಾರ. ಹತ್ತು ನಿಮಿಷದ ಕೆಲಸ. ವರ್ಷವಿಡೀ ಅಡುಗೆಮನೆಯ ಹೊಸ್ತಿಲು ತುಳಿಯದ ಆಕೆಯ ತಂದೆ ಆ ಹಬ್ಬದಲ್ಲಿ ಮಾತ್ರ ತೋಳು ಮಡಿಸಿ ಐದು ಮಕ್ಕಳಿಗೆ ತಾನೇ ಮಾಡಿಕೊಡುತ್ತಿದ್ದದ್ದು. "ಮಾಡುವುದು ನನಗೆ ಗೊತ್ತು. ನನಗೆ ಬೇಕಾಗಿರುವುದು ಎರಡು ಕೈ, ಅಷ್ಟೆ" ಎಂದರಂತೆ ಆಕೆ.

ಜನ್ಮದಲ್ಲಿ ಮೊಟ್ಟೆ ಮುಟ್ಟದ ರಾಯರು ಮನೆಗೆ ಬಂದು ಹಿತ್ತಿಲಲ್ಲಿ ಹತ್ತು ಸುತ್ತು ಹಾಕಿ, ಕೊನೆಗೆ ಹೆಂಡತಿಯನ್ನು ಕೇಳಿದರು. ಅನಸೂಯಮ್ಮ ತರಕಾರಿ ಹೆಚ್ಚುತ್ತಿದ್ದವರು ತಲೆ ಎತ್ತದೆ, "ಮೊಟ್ಟೆ ಕೈಗೆ ಅಂಟಿದ್ರೆ ತೊಳಕೊಂಡ್ರೆ ಹೋಗುತ್ತೆ. ಆ ಜೀವ ಹಬ್ಬದ ದಿನ ಉಪವಾಸ ಇದ್ರೆ ಅದು ಹೋಗಲ್ಲ. ಮಾಡ್ಕೊಟ್ಟು, ಸ್ನಾನ ಮಾಡಿ ಒಳಗೆ ಬನ್ನಿ" ಎಂದರು.

ಅಂದಿನಿಂದ ಪ್ರತಿ ಪಾಸೋವರ್‌ನಲ್ಲಿ ಅದೊಂದು ವಿಧಿಯಾಯಿತು. ಗ್ಯಾರೇಜಿನ ಮೊಳೆಗೆ ನೇತುಹಾಕಿದ ಹಳೆಯ ಅಂಗಿಗೆ ಅನಸೂಯಮ್ಮ 'ಮೊಟ್ಟೆ ಅಂಗಿ' ಎಂದು ಹೆಸರಿಟ್ಟಿದ್ದರು. ರಾಯರು ಕೋಟು ಕಳಚಿ ಅದನ್ನು ತೊಟ್ಟು, ಕೈಯಲ್ಲಿ ಏನನ್ನೂ ಹಿಡಿಯದೆ ಪಕ್ಕದ ಮನೆಗೆ ಹೋಗುವರು. ಬಾಣಲೆ ಅಟ್ಟದಿಂದ ಇಳಿದದ್ದು. ಬೆಣ್ಣೆ, ಉಪ್ಪು, ಸಕ್ಕರೆ ಎಲ್ಲ ಹಬ್ಬಕ್ಕೆಂದೇ ಗುರುಗಳ ಮುದ್ರೆ ಬಿದ್ದು ಕಾರ್ಲೈಲ್ ಸ್ಟ್ರೀಟಿನ ಯಹೂದಿ ಅಂಗಡಿಯಿಂದ ಬಂದವು. ಒಲೆಯನ್ನು ಮಾತ್ರ ಹೇನಿಯಮ್ಮನೇ ಹೊತ್ತಿಸಬೇಕು. ಬೇರೆ ಧರ್ಮದವರು ಬೇಯಿಸಿದ್ದನ್ನು ಆಕೆ ಉಣ್ಣುವಂತಿಲ್ಲ. ಬೆಂಕಿ ಆಕೆಯದಾದರೆ ಅಡುಗೆ ಆಕೆಯದೆಂದು ಲೆಕ್ಕ. ನಡುಗುವ ಕೈಯಲ್ಲಿ ಒಂದು ಕಡ್ಡಿ ಮುರಿಯುವುದು, ಇನ್ನೊಂದು ಆರುವುದು, ಮೂರನೆಯದು ನೆಲಕ್ಕೆ ಬೀಳುವುದು. ರಾಯರು ಕೈಕಟ್ಟಿ ಗೋಡೆ ನೋಡುತ್ತ ನಿಲ್ಲುವರು. ನೆರವಿಗೆ ಬೆರಳನ್ನೂ ಎತ್ತರು. ಉರಿ ಹತ್ತಿದ ಮೇಲೆ ಒಂದೊಂದೇ ಮೊಟ್ಟೆಯನ್ನು ಗಾಜಿನ ಲೋಟಕ್ಕೆ ಒಡೆದು ಬೆಳಕಿಗೆ ಹಿಡಿಯಬೇಕು. ರಕ್ತದ ಚುಕ್ಕೆ ಕಂಡರೆ ಚೆಲ್ಲಬೇಕು. ಮೂರು ರೊಟ್ಟಿ ಮುರಿದು, ಬಿಸಿನೀರು ಹುಯ್ದು ಆ ಕ್ಷಣವೇ ಬಸಿದು, ಮೊಟ್ಟೆ ಉಪ್ಪು ಸೇರಿಸಿ, ಬೆಣ್ಣೆ ನೊರೆಯಾಡುವಾಗ ಸುರಿದು, ಅಂಚು ಕೆಂಪಾಗುವವರೆಗೆ ಮಗುಚಬೇಕು. ರಾಯರು ಮೂಗನ್ನು ಬಲಕ್ಕೆ ತಿರುಗಿಸಿಕೊಂಡು, ಕಣ್ಣನ್ನು ಬಾಣಲೆಯಲ್ಲೇ ನೆಟ್ಟು, ಸೌಟನ್ನು ತೋಳುದ್ದ ಚಾಚಿ ಹಿಡಿದು ಮಗುಚುತ್ತಿದ್ದ ಭಂಗಿ ನೋಡಬೇಕಿತ್ತು. ನಾನು ನೋಡಿ ನಕ್ಕಿದ್ದೇನೆ. ಮೊದಲ ದಿನವೇ ಅವರು ಆಕೆಗೆ, ಇದಾದ ಮೇಲೆ ನಾನು ಸ್ನಾನ ಮಾಡುತ್ತೇನೆ, ತಪ್ಪು ತಿಳಿಯಬೇಡಿ ಎಂದು ಹೇಳಿಬಿಟ್ಟಿದ್ದರಂತೆ. "ನೀವು ಹೋದ ಮೇಲೆ ನಾನೂ ಸೌಟು ತೊಳೆಯುತ್ತೇನೆ" ಎಂದು ಆಕೆ ಉತ್ತರಿಸಿದ್ದರಂತೆ. ಆಮೇಲೆ ಆ ವಿಷಯ ಇಬ್ಬರ ನಡುವೆ ಏಳಲೇ ಇಲ್ಲ.

೧೯೯೧ರಲ್ಲಿ ಗುಡ್ ಫ್ರೈಡೇ ರಾತ್ರಿಯೇ ಅವರ ಹಬ್ಬವೂ ಶುರುವಾಗಿತ್ತು. ಎರಡು ದಿನದ ಪೂಜೆ ಊಟಗಳಿಗೆ ಬಂದಿದ್ದ ಹೇನಿಯಮ್ಮನ ಗಂಡನ ಅಣ್ಣನ ಮಗ ಸಿಡ್ನಿಗೆ ಹಿಂತಿರುಗಿದ್ದ. ಸೋಮವಾರ ಬೆಳಿಗ್ಗೆ ರಾಯರ ಜೊತೆ ನಾನೂ ಹೋದೆ. ಹೇನಿಯಮ್ಮ ಹಿಂದಿನ ವರ್ಷದ ಅರ್ಧವೂ ಇರಲಿಲ್ಲ. ಕಾಯಿಲೆ ಕೈಯನ್ನು ಮುಗಿಸಿ ನಾಲಗೆಗೆ ಬಂದಿತ್ತು. ವಾಸನೆಯಿಲ್ಲ, ರುಚಿಯಿಲ್ಲ, ಎರಡು ತುತ್ತಿಗೆ ತಟ್ಟೆ ಸರಿಸಿಬಿಡುತ್ತಾರೆಂದು ರಾಯರು ಮೊದಲೇ ಹೇಳಿದ್ದರು. ಅದಕ್ಕೇ ಆ ದಿನ, ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ, ಅವರ ಅಂಗಿಯ ಜೇಬಿನಲ್ಲಿ ಒಂದು ಪುಟ್ಟ ಸ್ಟೀಲಿನ ಭರಣಿ ಇತ್ತು. ಅದರಲ್ಲಿ ಇಂಗು. ಬಾಣಂತಿಯ ಸತ್ತ ನಾಲಗೆಯನ್ನೂ ಎಬ್ಬಿಸುವ ವಸ್ತು ಎಂದು ಅವರ ತಾಯಿ ಹೇಳುತ್ತಿದ್ದರಂತೆ. ಸಾಸಿವೆ ಆಗದೆಂಬುದು ಗೊತ್ತಿದ್ದ ರಾಯರು ಒಗ್ಗರಣೆಯಿಂದ ಅದನ್ನು ಕಳೆದು, ಇಂಗೊಂದನ್ನೇ ಆರಿಸಿಕೊಂಡಿದ್ದರು. "ಇದು ಗಿಡದ ಅಂಟು. ಧಾನ್ಯವಲ್ಲ, ಕಾಳಲ್ಲ. ಹಾಕಲೇ?" ಎಂದು ಕೇಳಿದರು.

ಹೇನಿಯಮ್ಮ ಭರಣಿಯನ್ನಲ್ಲ, ಅವರ ಮುಖವನ್ನು ನೋಡಿದರು. "ನೀವು ಓದಿದ್ದೀರಾ?"

"ಇದು ನಮ್ಮ ಮನೆಯದು" ಎಂದರು ರಾಯರು.

"ಹಾಗಾದರೆ ಸರಿ."

ಬೆಣ್ಣೆಯಲ್ಲಿ ಇಂಗು ಅರಳಿ ಘಮ್ಮೆಂದಿತು. ಹೇನಿಯಮ್ಮನ ಮೂಗು ಅರಳಿತು. ಅಷ್ಟು ದಿನದಲ್ಲಿ ಮೊದಲ ವಾಸನೆ ಅದೇ ಇರಬೇಕು. ಮೊದಲ ತುತ್ತಿಗೆ ಕಣ್ಣು ಮುಚ್ಚಿದರು, ಎರಡನೆಯದಕ್ಕೆ ನಕ್ಕರು, ತಟ್ಟೆ ಬರಿದು ಮಾಡಿ ಇನ್ನಷ್ಟು ಹಾಕಿ ಎಂದರು. ರಾಯರು ಮನೆಗೆ ಮರಳಿದ್ದು ಗೆದ್ದ ಕುದುರೆಯ ಹಾಗೆ. ಸ್ನಾನ ಮುಗಿಸಿ, ತಲೆ ಒರೆಸಿಕೊಳ್ಳುತ್ತಲೇ ಹೆಂಡತಿಗೆ ವರದಿ ಒಪ್ಪಿಸಿದರು.

ಅನಸೂಯಮ್ಮ ಸೌಟು ಕೆಳಗಿಟ್ಟರು. "ಯಾವ ಇಂಗು? ಆ ಹಳದಿ ಡಬ್ಬೀದಾ? ಅಯ್ಯೋ, ಅದಕ್ಕೆ ಗೋಧಿ ಹಿಟ್ಟು ಬೆರೆಸಿರ್ತಾರಲ್ರೀ! ಅದಕ್ಕೇ ಅಲ್ವಾ ಅತ್ತೆ ಉಪವಾಸದ ಫಲಾಹಾರಕ್ಕೆ ಅದನ್ನ ಸೇರಿಸ್ತಾ ಇರ್ಲಿಲ್ಲ?"

ರಾಯರು ಕಪಾಟಿನಿಂದ ಡಬ್ಬಿ ತೆಗೆದರು. ಭೂತಗನ್ನಡಿ ಬೇಕಾಗಲಿಲ್ಲ. ಪಟ್ಟಿಯ ಕೊನೆಯಲ್ಲೂ ಅಲ್ಲ, ಎರಡನೆಯ ಹೆಸರೇ ಅದು. ಹದಿನೇಳು ವರ್ಷ ಆ ದೇಶದ ಸಕಲ ಪೊಟ್ಟಣಗಳನ್ನೂ ಅನುಮಾನದಿಂದ ಓದಿದ ಮನುಷ್ಯ, ಊರಿನಿಂದ ಬಂದದ್ದೆಂಬ ಒಂದೇ ನಂಬಿಕೆಯಿಂದ ಸ್ವಂತ ಮನೆಯ ಡಬ್ಬಿಯನ್ನು ಓದಿರಲಿಲ್ಲ. ಒದ್ದೆ ಟವಲು ಹೆಗಲ ಮೇಲಿದ್ದಂತೆಯೇ ಅವರು ಕುರ್ಚಿಯ ಮೇಲೆ ಕೂತರು.

ಆಗ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲೇಬೇಕು, ಬರೆಯಲು ಇಷ್ಟವಿಲ್ಲದಿದ್ದರೂ. "ಚಿಟಿಕೆ ಇಂಗು ರಾಯರೇ, ಅದರಲ್ಲಿ ಹಿಟ್ಟು ಎಷ್ಟಿದ್ದೀತು? ಆಕೆಗೆ ಎಂದೂ ಗೊತ್ತಾಗುವುದಿಲ್ಲ. ಎಷ್ಟು ದಿನದ ಮೇಲೆ ಹೊಟ್ಟೆ ತುಂಬ ಉಂಡಿದ್ದಾರೆ. ಆ ಸುಖವನ್ನು ಯಾಕೆ ಕಿತ್ತುಕೊಳ್ಳುತ್ತೀರಿ? ಸುಮ್ಮನಿದ್ದುಬಿಡಿ."

"ಮೇಷ್ಟ್ರೇ, ಎಷ್ಟಿದೆ ಅಂತ ಕೇಳ್ತಿರೋರು ನೀವು. ಅವರ ಹಬ್ಬ ಕೇಳೋದು ಇದೆಯೋ ಇಲ್ವೋ ಅಂತ."

ಅನಸೂಯಮ್ಮನೂ ಕಣ್ಣೊರೆಸಿಕೊಂಡು, "ಮೇಷ್ಟ್ರು ಹೇಳೋದೂ ನಿಜಾನೇ. ಇನ್ನೆಷ್ಟು ವರ್ಷ ಇರ್ತಾರೋ ಏನೋ. ನೊಂದ್ಕೊಳ್ತಾರೆ" ಎಂದರು.

ರಾಯರು ಡಬ್ಬಿಯ ಮುಚ್ಚಳ ಬಿಗಿದರು. ಆಮೇಲೆ, ನನ್ನ ಕಡೆ ನೋಡದೆ, ತಗ್ಗಿದ ದನಿಯಲ್ಲಿ ಹೇಳಿದರು: "ಒಂದು ಸಲ ಅವರನ್ನ ಕೇಳಿದ್ದೆ, ಯುದ್ಧದ ಕಾಲದಲ್ಲಿ ಹಬ್ಬ ಹೇಗೆ ಮಾಡಿದ್ರಿ ಅಂತ. ಆಗ ಬಾಯಿಗೆ ಏನು ಬೀಳಬೇಕು ಅಂತ ಬೇರೆಯವರು ತೀರ್ಮಾನ ಮಾಡ್ತಿದ್ರು, ನಮ್ಮನ್ನ ಯಾರೂ ಕೇಳ್ತಿರ್ಲಿಲ್ಲ, ಅಂದ್ರು. ಇಲ್ಲಿಗೆ ಬಂದ ಮೇಲೆ ಒಂದು ವರ್ಷಾನೂ ತಪ್ಪಿಸಿಲ್ಲವಂತೆ. ಈಗ ಅವರ ಒಳ್ಳೇದಕ್ಕೆ ಅಂತ ನಾವು ಮೂರು ಜನ ಈ ಅಡುಗೆಮನೇಲಿ ಕೂತು ತೀರ್ಮಾನ ಮಾಡೋದಾ? ಅವರು ನನ್ನ ಕೇಳಿದ್ರು ಮೇಷ್ಟ್ರೇ, ಓದಿದ್ದೀರಾ ಅಂತ. ನಾನು ಓದಿರ್ಲಿಲ್ಲ."

ಎದ್ದು ಕೋಟು ತೊಟ್ಟರು, ಡಬ್ಬಿ ಹಿಡಿದರು. ಬೇಲಿಯ ಪಕ್ಕದ ಹತ್ತು ಹೆಜ್ಜೆಯ ದಾರಿ. ಹೋಗಬಾರದೆಂದು ನನಗೆ ಅನಿಸಿದರೂ ಹಿಂದೆಯೇ ಹೋದೆ. ಅಡುಗೆಮನೆಯ ಕಿಟಕಿಯ ಬಿಸಿಲಿನಲ್ಲಿ ಹೇನಿಯಮ್ಮ ತೃಪ್ತರಾಗಿ ಕೂತಿದ್ದರು, ಕೆನ್ನೆಯಲ್ಲಿ ಬಣ್ಣವಿತ್ತು. ರಾಯರು ಕೂರಲಿಲ್ಲ. "ನಾನು ಓದದೆ ಹೇಳಿದೆ. ಇದರಲ್ಲಿ ಗೋಧಿಯಿದೆ. ತಪ್ಪು ನನ್ನದು" ಎಂದು ಮೂರೇ ವಾಕ್ಯ ಹೇಳಿ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

ಆಕೆ ಡಬ್ಬಿಯನ್ನು ಮುಟ್ಟಲಿಲ್ಲ. ಕೆನ್ನೆಯ ಬಣ್ಣ ಇಳಿಯಿತು. ತುಟಿ ಏನನ್ನೋ ಎಣಿಸುವಂತೆ ಅಲುಗಿತು. ನಲವತ್ತೆರಡು ವರ್ಷಗಳನ್ನೋ, ಪ್ರಾರ್ಥನೆಯನ್ನೋ, ನನಗೆ ತಿಳಿಯದು. ಆಮೇಲೆ ಬೆರಳಿನಿಂದ ಒಂದೊಂದನ್ನೇ ತೋರಿಸಿದರು. ಬಾಣಲೆ. ಸೌಟು. ತಟ್ಟೆ. ಮುಳ್ಳುಚಮಚ. ರಾಯರು ಒಂದೊಂದನ್ನೇ ಎತ್ತಿ ಹಿತ್ತಿಲ ಬಾಗಿಲಾಚೆ ಇಟ್ಟು ಬಂದರು. ಆ ಬಾಣಲೆ, ಇಲ್ಲಿಯ ಹೊಲಿಗೆ ಕಾರ್ಖಾನೆಯ ಮೊದಲ ಸಂಬಳದಲ್ಲಿ ಕೊಂಡದ್ದಂತೆ. ವರ್ಷಕ್ಕೆ ಎಂಟೇ ದಿನ ಒಲೆ ಕಂಡ ಅದರ ಹಿಡಿ ಇನ್ನೂ ಹೊಸದರಂತಿತ್ತು. ಎಲ್ಲ ಮುಗಿದ ಮೇಲೆ ರಾಯರು ತಲೆ ತಗ್ಗಿಸಿ ಬಾಗಿಲಲ್ಲಿ ನಿಂತರು. ಇನ್ನು ಈ ಮನೆಗೆ ನೀವು ಬರಬೇಡಿ ಎನ್ನುವ ಮಾತಿಗಾಗಿಯೇ ಕಾಯುತ್ತಿದ್ದರೆಂದು ಅವರ ಭುಜ ನೋಡಿದರೆ ತಿಳಿಯುತ್ತಿತ್ತು.

"ನಾಳೆ ಬನ್ನಿ" ಎಂದರು ಹೇನಿಯಮ್ಮ. "ಏನೂ ತರಬೇಡಿ."

ಮರುದಿನ ನಾನು ಸಿಡ್ನಿಗೆ ಹೊರಡುವ ಮೊದಲು ರಾಯರ ಜೊತೆ ಮತ್ತೆ ಹೋದೆ. ಒಂದು ಸಣ್ಣ ಪಾತ್ರೆ, ಬಾಣಲೆಯೇ ಅಲ್ಲ, ಹಾಲು ಕಾಯಿಸುವಂಥದ್ದು, ಒಲೆಯ ಮೇಲಿತ್ತು. ನಾಲ್ಕನೆಯ ಕಡ್ಡಿಗೆ ಉರಿ ಹತ್ತಿತು. ರಾಯರು ಮೊಟ್ಟೆ, ರೊಟ್ಟಿ, ಉಪ್ಪು, ಬೆಣ್ಣೆ, ಇಷ್ಟರಿಂದಲೇ ಮಾಡಿ ಬಡಿಸಿದರು. ಹೇನಿಯಮ್ಮ ಮೊದಲ ತುತ್ತನ್ನು ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡರು. ನಿನ್ನೆಯ ನಗು ಬರಲಿಲ್ಲ. ತಟ್ಟೆ ಸರಿಸಿಬಿಡುತ್ತಾರೆಂದು ನಾನು ಕಾದೆ. ಮನಸ್ಸಿನೊಳಗೆ, ನಾನು ಹೇಳಿದ್ದೇ ಸರಿಯಾಗಿತ್ತಲ್ಲವೇ ಎಂದು ರಾಯರಿಗೆ ಹೇಳಲು ಮಾತನ್ನೂ ಜೋಡಿಸಿಕೊಂಡಿದ್ದೆ.

"ಏನೂ ರುಚಿಯಿಲ್ಲ" ಎಂದರು ಆಕೆ. ಮತ್ತೊಂದು ತುತ್ತು ತೆಗೆದುಕೊಂಡರು. "ಆದರೆ ಇದರಲ್ಲಿ ಏನಿದೆಯೆಂದು ನನಗೆ ಗೊತ್ತಿದೆ."

ಅರ್ಧ ಗಂಟೆ ಹಿಡಿಯಿತು. ಪೂರ್ತಿ ಉಂಡರು. ರಾಯರು ಅಷ್ಟು ಹೊತ್ತೂ ನಿಂತೇ ಇದ್ದರು, ಶ್ರಾದ್ಧದ ಊಟಕ್ಕೆ ಬಡಿಸುವವರು ನಿಲ್ಲುವ ಹಾಗೆ.

ಹೇನಿಯಮ್ಮ ಮತ್ತೆ ಎರಡು ಪಾಸೋವರ್ ಕಂಡರು. ೧೯೯೩ರ ಚಳಿಗಾಲದಲ್ಲಿ ತೀರಿಕೊಂಡರು. ಕೊನೆಯ ಹಬ್ಬದಲ್ಲಿ ಕಡ್ಡಿ ಗೀಚುವುದಕ್ಕೂ ಆಗದೆ, ಉರಿಯುತ್ತಿದ್ದ ಒಲೆಯ ತಿರುಪನ್ನು ಮುಟ್ಟಿ ಒಂದಿಷ್ಟು ಏರಿಸಿದರಂತೆ. ಅಷ್ಟು ಮಾಡಿದರೂ ಬೆಂಕಿ ಅವರದೇ ಎಂದು ಅವರ ಗುರುಗಳು ಹೇಳಿದ್ದರೆಂದು ರಾಯರು ನನಗೆ ಫೋನಿನಲ್ಲಿ, ತಮ್ಮ ಮಠದಿಂದಲೇ ಅಪ್ಪಣೆ ಬಂದಷ್ಟು ಗಾಂಭೀರ್ಯದಿಂದ ಹೇಳಿದ್ದರು. ಆಕೆ ಹೋದ ಮೇಲೆ ರಾಯರಿಗೆ ಆ ಬೀದಿ ಬೇಡವಾಯಿತು. ೧೯೯೬ರಲ್ಲಿ ಕೊನೆಗೂ ಗ್ಲೆನ್ ವೇವರ್ಲಿ ಸೇರಿದರು. ಈಗ ಅವರ ಸುತ್ತ ಎಲ್ಲರೂ ನಮ್ಮವರೇ. ಅಲ್ಲಿಯೂ ಓರೆಯಾಗಿಯೇ ನಡೆಯುತ್ತಾರೆಂದು ಕೇಳಿದ್ದೇನೆ.

ಮಡಿವಂತರ ವಿಷಯದಲ್ಲಿ ನಾನು ಬಹಳ ಬರೆದಿದ್ದೇನೆ, ಅದರಲ್ಲಿ ಹೆಚ್ಚಿನದು ಇನ್ನೂ ನಿಜವೇ. ಮಡಿಯ ಹೆಸರಿನಲ್ಲಿ ಮನುಷ್ಯರನ್ನು ಮನುಷ್ಯರು ದೂರವಿಟ್ಟ ಪಾಪ ಯಾವ ನೀರಿನಲ್ಲಿ ತೊಳೆದರೂ ಹೋಗುವಂಥದ್ದಲ್ಲ. ಆದರೆ ಅವರ ನಡುವೆ ಗುರುದತ್ತರಾಯರಂಥ ಕೆಲವರು ಇರುತ್ತಾರೆ. ತಮ್ಮ ನೇಮವನ್ನು ಹಗಲಿರುಳು ಕಾಯುವ ಕಷ್ಟದಿಂದಲೇ, ಇನ್ನೊಬ್ಬರ ನೇಮ ಅವರಿಗೆ ಎಷ್ಟು ಬೆಲೆಬಾಳುವಂಥದ್ದೆಂದು ಅರಿತವರು. ತಾವು ತಿನ್ನದ್ದನ್ನು, ತಿನ್ನುವವರ ಶಾಸ್ತ್ರ ತಪ್ಪದಂತೆ ಬೇಯಿಸಿ ಬಡಿಸಬಲ್ಲವರು. ತಪ್ಪಿದಾಗ ಹತ್ತು ಹೆಜ್ಜೆ ನಡೆದು ಹೋಗಿ ಬಾಗಿಲಲ್ಲಿ ನಿಲ್ಲಬಲ್ಲವರು. ಏನನ್ನೂ ಕಾಯದ ನನ್ನಂಥವರಿಗೆ ಕನಿಕರ ಸುಲಭವಾಗಿ ಬರುತ್ತದೆ. ಆ ಸೋಮವಾರ ನಾನು ಆ ಮುದುಕಿಗೆ ಒಳ್ಳೆಯದನ್ನೇ ಬಯಸಿದ್ದೆ, ಆಕೆಯನ್ನು ಒಂದು ಮಾತು ಕೇಳದೆ. ನನ್ನ ಕನಿಕರದಲ್ಲಿ ಹೇನಿಯಮ್ಮನಿಗೆ ಜಾಗವಿರಲಿಲ್ಲ. ರಾಯರ ಕಟ್ಟುನಿಟ್ಟಿನಲ್ಲಿ ಇತ್ತು.